ಜಾಗತಿಕ ಹವಾಮಾನ ಶೃಂಗಸಭೆಗಳು: ನುಡಿ ಮತ್ತು ನಡೆ

'ಶೃಂಗ' ಶಬ್ದಕ್ಕೆ ಶಿಖರವೆಂದೂ ಕೊಂಬೆಂದೂ ಅರ್ಥವುಂಟು. ರಾಷ್ಟ್ರಗಳ ಅಗ್ರನಾಯಕರು ಕೂಡುವ ಸಭೆಗೆ ಶೃಂಗಸಭೆಯೆಂಬ ಹೆಸರು ರೂಢಿಗೆ ಬಂದಿದೆ. ಶಿಖರದಲ್ಲಿ ಆಡಿದ ನುಡಿ ತಪ್ಪಲಿಗೆ ಇಳಿದು ಕಡಲತಡಿಯವರೆಗೆ ಹರಿಯುವುದೇ ಎಂಬುದು ಪ್ರಕೃತ ವಿಚಾರ.

ಉಡುಪಿ ಜಿಲ್ಲೆಯವರಾದ ನಮಗೆ ಇದು ದೂರದ ಸಂಗತಿಯಲ್ಲ. ಕಾರ್ಕಳದ ಕಡೆಯ ಘಟ್ಟದಿಂದ ಇಳಿದುಬರುವ ಸುವರ್ಣಾ ನದಿಯೇ ಉಡುಪಿ ಮತ್ತು ಮಣಿಪಾಲಗಳಿಗೆ ಕುಡಿಯುವ ನೀರನ್ನು ಕೊಡುತ್ತದೆ. 2019ರ ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನ ನೀರು ತಳಮುಟ್ಟಿ ನಗರದ ಜನ ಟ್ಯಾಂಕರುಗಳಿಗೆ ಕಾದು ನಿಂತರು. ಮರುವರ್ಷ ಸೆಪ್ಟೆಂಬರ್ 20ರಂದು ಅದೇ ನದಿ ಉಕ್ಕಿ ಮನೆಗಳಿಗೆ ನುಗ್ಗಿತು. ಕಾಪು, ಪಡುಬಿದ್ರಿಗಳ ತೀರದಲ್ಲಿ ಕಡಲ್ಕೊರೆತವು ಮಳೆಗಾಲದ ಸಂಕಟವಾಗಿದೆ. ಇವುಗಳಿಗೆಲ್ಲ ಭೂಮಿಯ ತಾಪವೊಂದೇ ಕಾರಣವೆನ್ನುವುದು ಅವಿವೇಕವಾದೀತು. ಆದರೆ ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಧರಿಸಬಲ್ಲ ತೇವ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಮಳೆ ಬಂದಾಗ ಭೋರ್ಗರೆದು ಬರುವುದಕ್ಕೆ ಇದೊಂದು ಹೇತು.

ಮೊದಲು ಪೂರ್ವಪಕ್ಷವನ್ನು ಕೇಳೋಣ. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ಪರಿಸರ ಸಮ್ಮೇಳನ ನೆರೆಯಿತು; ಶ್ರೀಮತಿ ಇಂದಿರಾ ಗಾಂಧಿಯವರು ಅಲ್ಲಿ ಮಾತನಾಡಿದರು. 1992ರಲ್ಲಿ ರಿಯೋದಲ್ಲಿ ಹವಾಮಾನದ ಒಡಂಬಡಿಕೆಗೆ ಸಹಿ ಬಿತ್ತು. 1997ರಲ್ಲಿ ಕ್ಯೋಟೋ, 2015ರಲ್ಲಿ ಪ್ಯಾರಿಸ್ ಬಂದವು. ರಿಯೋದ ಕಾಲಕ್ಕೆ ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 356 ಇದ್ದ ಇಂಗಾಲದ ಡೈಆಕ್ಸೈಡ್ 2024ರಲ್ಲಿ 420ನ್ನು ದಾಟಿತ್ತು. ಪ್ಯಾರಿಸಿನಲ್ಲಿ ಪ್ರತಿ ರಾಷ್ಟ್ರವೂ ತನ್ನ ಗುರಿಯನ್ನು ತಾನೇ ಬರೆದುಕೊಂಡಿತು, ತಪ್ಪಿದವರಿಗೆ ದಂಡವಿಲ್ಲ. 2021ರ ಗ್ಲಾಸ್ಗೋ ಸಭೆಯಲ್ಲಿ ಕಲ್ಲಿದ್ದಲಿನ ಬಳಕೆಯನ್ನು ಹಂತಹಂತವಾಗಿ 'ನಿಲ್ಲಿಸುವುದು' ಎಂದಿದ್ದ ಪದವು, ಕೊನೆಯ ಗಳಿಗೆಯಲ್ಲಿ ಭಾರತದ ಸೂಚನೆಯಂತೆ 'ತಗ್ಗಿಸುವುದು' ಎಂದಾಯಿತು. ಶಬ್ದದ ಬೆಲೆಯನ್ನು ಬಲ್ಲವರಿಗೆ ಇದರ ಅರ್ಥ ತಿಳಿಯದಿರದು. ವಿದೇಶೀ ಕಲ್ಲಿದ್ದಲನ್ನು ನೆಚ್ಚಿ ಕಾಪು ತಾಲೂಕಿನ ಎಲ್ಲೂರಿನಲ್ಲಿ ಕಟ್ಟಿದ 1200 ಮೆಗಾವಾಟಿನ ಸ್ಥಾವರದ ಆಯುಷ್ಯವೂ ಇಂಥ ಪದಗಳಿಗೆ ಅಧೀನವಾಗಿರುತ್ತದೆ. ನಮ್ಮ ರಾಷ್ಟ್ರದ ವಾದದಲ್ಲಿಯೂ ನ್ಯಾಯವುಂಟು: ಮೊದಲೇ ಸುಟ್ಟು ಸಿರಿವಂತರಾದವರು 2020ರೊಳಗೆ ವರ್ಷಕ್ಕೆ ಹತ್ತು ಸಾವಿರ ಕೋಟಿ ಡಾಲರ್ ಒದಗಿಸುವೆವೆಂದು 2009ರಲ್ಲಿ ನುಡಿದು, ಆ ಮೊತ್ತವನ್ನು ಮುಟ್ಟಿದ್ದು 2022ರಲ್ಲಿ.

ಇನ್ನು ಉತ್ತರಪಕ್ಷ. ಸಭೆಗಳೆಲ್ಲ ನಿಷ್ಫಲವೆನ್ನಲು ಬಾರದು. ಓಝೋನ್ ಪದರವನ್ನು ಕಾಯಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದ ನಿಜವಾಗಿಯೂ ಫಲ ಕೊಟ್ಟಿತು. ಹಾನಿಕರವಾದ ಒಂದೊಂದು ವಸ್ತುವಿಗೂ ಅದು ಗಡುವು ಇಟ್ಟಿತು, ಬಡ ರಾಷ್ಟ್ರಗಳಿಗೆ ನಿಧಿ ಕಲ್ಪಿಸಿತು, ಹೊರಗುಳಿದವರೊಡನೆ ಆ ವಸ್ತುಗಳ ವ್ಯಾಪಾರವನ್ನು ನಿರ್ಬಂಧಿಸಿತು. ಪ್ಯಾರಿಸ್ ಕೂಡ ಬರಿಯ ಮಾತಾಗಿ ಉಳಿಯಲಿಲ್ಲ. ಅದಕ್ಕೆ ಮುಂಚೆ ಶತಮಾನದ ಕೊನೆಗೆ 4 ಡಿಗ್ರಿಯ ಸಮೀಪ ತಾಪವೇರುವ ಅಂದಾಜಿತ್ತು. ಈಗ ಆ ಅಂದಾಜು 3ಕ್ಕಿಂತ ಕೆಳಗಿಳಿದಿದೆ. 1.5 ಡಿಗ್ರಿಯ ಗುರಿಗೆ ಇದು ಸಾಲದು, ಆದರೂ ಶೂನ್ಯವಲ್ಲ.

ಗಡುವು ಮತ್ತು ಅಧಿಕಾರಗಳ ಬಲವನ್ನು ಕಾಣಲು ನಾವು ಮಾಂಟ್ರಿಯಲ್‌ವರೆಗೆ ಹೋಗಬೇಕಾಗಿಲ್ಲ. ಕಾರ್ಕಳದ ಬೆನ್ನಿಗಿರುವ ಕುದುರೆಮುಖದಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತು 2005ರ ಅಂತ್ಯವನ್ನು ಗಡುವಾಗಿ ವಿಧಿಸಿತು, ಗಣಿ ನಿಂತಿತು. ಅದರ ಹಿಂದೆ ಪರಿಸರಾಸಕ್ತರ ದೀರ್ಘ ಹೋರಾಟವಿತ್ತು. ಕೆಲಸ ಕಳೆದುಕೊಂಡವರ ನೋವೂ ಆ ಫಲದೊಡನೆ ಸೇರಿತ್ತು. ಆದುದರಿಂದ ಸಿದ್ಧಾಂತವಿಷ್ಟು: ಗಡುವು, ಹಣ, ಹೊಣೆ ಈ ಮೂರೂ ಕೂಡಿದ ಸಭೆ ಫಲಿಸುತ್ತದೆ, ಕೆಳಗಿನಿಂದ ಕೇಳುವ ಜನರಿಲ್ಲದಿದ್ದರೆ ಆ ಮೂರೂ ಕೂಡುವುದಿಲ್ಲ.

ಕೇಳುವ ಜನರನ್ನು ಬೆಳೆಸುವುದು ಶಾಲೆಯ ಕರ್ತವ್ಯ. ಉಪಾಧ್ಯಾಯರು ಮಕ್ಕಳಿಂದ ಮಳೆಯನ್ನು ಅಳೆಯಿಸಿ, ಬಾವಿಯ ನೀರಿನ ಮಟ್ಟವನ್ನು ತಿಂಗಳು ತಿಂಗಳೂ ಬರೆಯಿಸಲಿ. ದಾನಿಗಳು ಕಟ್ಟಡಕ್ಕೆ ಕೊಡುವಾಗ ಅದರ ಮಾಡಿನ ನೀರು ಬಾವಿಗಿಳಿಯುವ ಏರ್ಪಾಟಿಗೂ ಕೊಡಲಿ. ಊರೂರುಗಳಲ್ಲಿ ಅಧಿಕಾರಸ್ಥಾನದಲ್ಲಿರುವ ಹಳೆಯ ವಿದ್ಯಾರ್ಥಿಗಳು, ತಮ್ಮ ಸರಕಾರ ಆಡಿದ ಮಾತಿನ ಲೆಕ್ಕವನ್ನು ಕೇಳಲಿ. ನುಡಿದಂತೆ ನಡೆಯೆಂದು ಪರರಿಗೆ ಹೇಳುವ ಅರ್ಹತೆ, ತಾನು ನಡೆದು ತೋರಿದವನಿಗೇ ಸಲ್ಲುತ್ತದೆ.