ಮೊಬೈಲ್ ಹಿಡಿದು ಜೀವಲೋಕ ದಾಖಲಿಸುವ ಮಕ್ಕಳು: ಪರೀಕ್ಷೆಗೆ ಮುಖ್ಯಾಂಶಗಳು

ನಾಗರಿಕ ವಿಜ್ಞಾನ: ವೃತ್ತಿಯಿಂದ ವಿಜ್ಞಾನಿಗಳಲ್ಲದವರು ಮಾಹಿತಿ ಕಲೆಹಾಕಿ ಸಂಶೋಧನೆಗೆ ನೆರವಾಗುವುದು. ಅಮೆರಿಕದಲ್ಲಿ 1900ರಲ್ಲಿ ಶುರುವಾದ ಕ್ರಿಸ್‌ಮಸ್ ಹಕ್ಕಿ ಗಣತಿ ಇದರ ಹಳೆಯ ಉದಾಹರಣೆ.

ನೆನಪಿಡಬೇಕಾದ ವೇದಿಕೆಗಳು: ಇಬರ್ಡ್ (2002) ಹಕ್ಕಿಗಳಿಗೆ, ಐನ್ಯಾಚುರಲಿಸ್ಟ್ (2008) ಎಲ್ಲ ಜೀವಿಗಳಿಗೆ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ (2008) ನಮ್ಮ ದೇಶದ್ದು. ಮರಗಳು ಚಿಗುರುವ, ಹೂ ಬಿಡುವ, ಕಾಯಿ ಕಟ್ಟುವ ಕಾಲವನ್ನು ಶಾಲಾ ಮಕ್ಕಳಿಂದ ಬರೆಸುವುದು ಸೀಸನ್‌ವಾಚ್. ಚಿಕ್ಕ ಮಕ್ಕಳಿಗೆ ಸೀಕ್ ಆ್ಯಪ್ ಒಳ್ಳೆಯದು, ಅದಕ್ಕೆ ಖಾತೆ ತೆರೆಯಬೇಕಿಲ್ಲ.

ಇದರಿಂದ ಆದದ್ದೇನು? ಹೆಚ್ಚು ಅಂಕದ ಪ್ರಶ್ನೆ ಇಲ್ಲಿಂದಲೇ ಬರಬಹುದು. 'ಭಾರತದ ಹಕ್ಕಿಗಳ ಸ್ಥಿತಿಗತಿ 2023' ವರದಿ 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು ಇಬರ್ಡ್‌ಗೆ ಕಳಿಸಿದ ಸುಮಾರು 3 ಕೋಟಿ ದಾಖಲೆಗಳ ಮೇಲೆ ನಿಂತಿದೆ. ಅದು 942 ಪ್ರಭೇದಗಳನ್ನು ಪರಿಶೀಲಿಸಿ, 178ಕ್ಕೆ ಸಂರಕ್ಷಣೆಯಲ್ಲಿ ಮೊದಲ ಆದ್ಯತೆ ಬೇಕೆಂದಿತು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಎಂಬುದೂ ಇದೇ ದಾಖಲೆಗಳಿಂದ ಸ್ಪಷ್ಟವಾಯಿತು. ಎಲ್ಲ ಕಡೆ ಕಾಣುತ್ತದೆ ಎಂದು ಬರೆಯದೆ ಬಿಟ್ಟ ಹಕ್ಕಿ ಕಡಿಮೆಯಾದಾಗ ಹೋಲಿಸಲು ಹಳೆಯ ಲೆಕ್ಕವೇ ಇರುವುದಿಲ್ಲ. ಆದ್ದರಿಂದ ಅಪರೂಪದ ಹಕ್ಕಿಯ ಒಂದು ಫೋಟೊಗಿಂತ, ಕಂಡ ಕಾಗೆ ಗುಬ್ಬಿಯನ್ನೆಲ್ಲ ಎಣಿಸಿದ ಪೂರ್ತಿ ಪಟ್ಟಿಗೆ ಬೆಲೆ ಹೆಚ್ಚು.

ಬೀದರ್‌ನಲ್ಲಿ ಎಲ್ಲಿ? ಗಾಂಧಿ ಗಂಜದಿಂದಲೇ ಆರಂಭಿಸಬಹುದು. ತೊಗರಿ, ಕಡಲೆ ಚೀಲ ಇಳಿಸುವಲ್ಲಿ ಕಾಳು ಚೆಲ್ಲುತ್ತದೆ. ಗುಬ್ಬಿ, ಪಾರಿವಾಳ, ಗೊರವಂಕಗಳನ್ನು ಅಲ್ಲಿ ಹುಡುಕಿ 15 ನಿಮಿಷ ಎಣಿಸಿ. ಭಾಲ್ಕಿಯ ಮಕ್ಕಳಿಗೆ ಕಾರಂಜಾ ಜಲಾಶಯದ ನೀರುಹಕ್ಕಿಗಳಿವೆ. ಔರಾದ್‌ನ ಮಕ್ಕಳು ಶಾಲೆಯಂಗಳದ ಬೇವಿನ ಮರವೊಂದನ್ನು ವರ್ಷವಿಡೀ ಗಮನಿಸಿದರೂ ಅದು ನಿಜವಾದ ಸಂಶೋಧನೆಯೇ.

ಒಳ್ಳೆಯ ದಾಖಲೆ: ದಿನಾಂಕ, ಸಮಯ, ಸ್ಥಳ, ಸ್ಪಷ್ಟ ಫೋಟೊ ಅಥವಾ ಧ್ವನಿ. ಹೆಸರು ಗೊತ್ತಿಲ್ಲದಿದ್ದರೆ ಊಹಿಸಬೇಡಿ, 'ಚಿಟ್ಟೆ' ಎಂದಷ್ಟೇ ಬರೆದರೂ ಸಾಕು; ಬಲ್ಲವರು ಗುರುತಿಸುತ್ತಾರೆ.

ಎಚ್ಚರಿಕೆ: ಗೂಡಿನ ಹತ್ತಿರ ಹೋಗಬಾರದು. ಹಾವಿನ ಫೋಟೊಗೆ ಮುಂದಾಗಬಾರದು. ಕೃಷ್ಣಮೃಗವನ್ನು ಬೆನ್ನಟ್ಟಬಾರದು, ಅದು 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ 1ನೇ ಅನುಸೂಚಿಯ ಪ್ರಾಣಿ. ಖಾತೆ ಪಾಲಕರ ಹೆಸರಲ್ಲಿರಲಿ, ಮನೆಯ ವಿಳಾಸ ಎಲ್ಲೂ ಕಾಣದಿರಲಿ.

ಸಂವಿಧಾನ: ವಿಧಿ 51ಎ(ಜಿ) ಪರಿಸರ ಹಾಗೂ ವನ್ಯಜೀವಿ ರಕ್ಷಣೆ, 51ಎ(ಎಚ್) ವೈಜ್ಞಾನಿಕ ಮನೋಭಾವ. ಎರಡೂ 1976ರ 42ನೇ ತಿದ್ದುಪಡಿಯಿಂದ ಬಂದ ಮೂಲಭೂತ ಕರ್ತವ್ಯಗಳು.

ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಗಣತಿ ನಡೆಯುತ್ತದೆ; ಭಾರತ 2013ರಿಂದ ಪಾಲ್ಗೊಳ್ಳುತ್ತಿದೆ. ಬೀದರ್ ಜಿಲ್ಲೆಯ ಶಿಕ್ಷಕರೇ, ಈ ಸಲ ನಿಮ್ಮ ಮಕ್ಕಳ ಪಟ್ಟಿಯನ್ನೂ ಕಳಿಸಿ.