ಹರ್ನಿಯಾ: ಕಾದು ನೋಡುವುದು ಮತ್ತು ಕಾಲ ತಳ್ಳುವುದು

ತೊಡೆಸಂದಿನ ಹರ್ನಿಯಾ ಎಂದರೆ ಕಿಬ್ಬೊಟ್ಟೆಯ ಸ್ನಾಯುಗೋಡೆ ಸಡಿಲವಾದ ಜಾಗದಲ್ಲಿ ಕರುಳಿನ ಸುರುಳಿಯೋ ಒಳಗಿನ ಕೊಬ್ಬೋ ಹೊರಕ್ಕೆ ನುಸುಳಿ ಚರ್ಮದಡಿ ಉಬ್ಬಾಗಿ ಕಾಣಿಸಿಕೊಳ್ಳುವುದು. ಇದನ್ನೂ, ವೃಷಣದ ಸುತ್ತ ನೀರು ತುಂಬುವ ಬೇರೊಂದು ತೊಂದರೆಯನ್ನೂ ಜನ ಅಂಡವಾಯು ಎಂಬ ಒಂದೇ ಹೆಸರಿನಿಂದ ಕರೆಯುವುದುಂಟು. ಆ ಹೆಸರಿನೊಳಗಿನ ‘ವಾಯು’ ಎಷ್ಟೋ ಮಂದಿಯನ್ನು ದಾರಿ ತಪ್ಪಿಸಿದೆ.

ನೋವಿಲ್ಲದ, ಮಲಗಿದರೆ ತಾನಾಗಿ ಒಳಸರಿಯುವ ಹರ್ನಿಯಾಕ್ಕೆ ಗಂಡಸರಲ್ಲಿ ತಕ್ಷಣ ಶಸ್ತ್ರಚಿಕಿತ್ಸೆ ಆಗಲೇಬೇಕೆಂದಿಲ್ಲ, ವೈದ್ಯರ ನಿಗಾದಲ್ಲಿ ಕಾದು ನೋಡಬಹುದು. ಉತ್ತರ ಅಮೆರಿಕದಲ್ಲಿ 720 ಗಂಡಸರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಗಾದಲ್ಲಿದ್ದವರ ಪೈಕಿ ಕರುಳು ಸಿಕ್ಕಿಕೊಂಡು ತುರ್ತು ಸ್ಥಿತಿ ಒದಗಿದ್ದು ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ. ಆದರೆ ಆ ಗುಂಪಿನವರನ್ನು ಮುಂದೆ ಹತ್ತು ವರ್ಷದವರೆಗೆ ಗಮನಿಸಿದಾಗ ಶೇ. 68ರಷ್ಟು ಮಂದಿ, ಬಹುಪಾಲು ನೋವು ಹೆಚ್ಚಿದ್ದರಿಂದ, ಕೊನೆಗೆ ಶಸ್ತ್ರಚಿಕಿತ್ಸೆಗೇ ಒಳಗಾಗಿದ್ದರು. ಹೆಂಗಸರಿಗೆ ಈ ನಿಗಾ ಸಲ್ಲದು. ಅವರಲ್ಲಿ ತೊಡೆಯ ರಕ್ತನಾಳದ ಪಕ್ಕದ ಇಕ್ಕಟ್ಟಿನಲ್ಲಿ ಇಳಿಯುವ ಬಗೆ ಗಂಡಸರಿಗಿಂತ ಹೆಚ್ಚು, ಅದು ಬೇಗ ಸಿಕ್ಕಿಕೊಳ್ಳುತ್ತದೆ.

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಾವು ಬೆಳೆಯುವ ಪ್ರಸ್ತುತ ಲೇಖಕ ಈ ಮಾತಿನ ಮೊದಲರ್ಧವನ್ನಷ್ಟೇ ಹಿಡಿದುಕೊಂಡು, ಮೂರು ವರ್ಷ ವೈದ್ಯರತ್ತ ಸುಳಿಯದೆ, ಲಂಗೋಟಿ ಬಿಗಿದು ದುಡಿದದ್ದಕ್ಕೆ ನಿಗಾ ಎಂಬ ಹೆಸರು ಒಪ್ಪುವುದಿಲ್ಲ. ಅದು ಶುದ್ಧ ಹಟ. ಜೂನ್ ತಿಂಗಳ ಒಂದು ರಾತ್ರಿ ತೋತಾಪುರಿ ತುಂಬಿದ ಕ್ರೇಟನ್ನು ಟೆಂಪೊಗೆ ಎತ್ತುವಾಗ ಇಳಿದ ಉಬ್ಬು, ಅಂಗಾತ ಮಲಗಿ ಮೊಣಕಾಲು ಮಡಿಸಿದರೂ ಒಳಸರಿಯಲಿಲ್ಲ. ಮುಟ್ಟಿದರೆ ಕಾಯಿಮಾವಿನಷ್ಟು ಗಟ್ಟಿ. ಸುತ್ತಲ ಚರ್ಮ ಕೆಂಪೇರಿ ಬಿಸಿಯಾಗಿತ್ತು. “ಗ್ಯಾಸ್ ಅಷ್ಟೇ ಭಾವ, ಕುಡೀರಿ” ಎಂದು ಭಾವಮೈದುನ ಓಂಕಾಳಿನ ಕಷಾಯ ಕುಡಿಸಿದ, ಸಾಲದೆಂದು ಉಬ್ಬನ್ನು ಅಂಗೈಯಿಂದ ಒತ್ತಲೂ ನೋಡಿದ. ಕಷಾಯ ವಾಂತಿಯಾಯಿತು, ಆಮೇಲೆ ಹಸಿರು ಪಿತ್ತ, ಹೊಟ್ಟೆ ತಮಟೆಯಂತೆ ಬಿಗಿಯಿತು. ಹೀಗೆ ಮೂರು ಗಂಟೆ ಕಳೆಯಿತು. ಕೋಲಾರದ ರಸ್ತೆಯ ಒಂದೊಂದು ಹಂಪೂ ಇಂದಿಗೂ ನೆನಪಿದೆ. ತಲುಪಿದ ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತವರು ನರಳುವವನತ್ತ ಕಣ್ಣೆತ್ತದೆ ಬಿಪಿಎಲ್ ಕಾರ್ಡಿನ ಅಸಲು ಪ್ರತಿ ಕೇಳಿದರು; ಅದು ಮನೆಯ ಬೀರುವಿನಲ್ಲಿತ್ತು. ರಕ್ತ ಹರಿಯದೆ ಕರುಳು ಕೊಳೆಯಲು ಕೆಲವೇ ಗಂಟೆ ಸಾಕೆಂಬುದು ಗೊತ್ತಿದ್ದ ಶಸ್ತ್ರವೈದ್ಯರು ಕಾಗದಕ್ಕಾಗಿ ಕಾಯಲಿಲ್ಲ. ನೀಲಿಗಟ್ಟಿದ್ದ ಸುರುಳಿ ಬಿಸಿ ಬಟ್ಟೆಯಡಿ ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರಿಂದ ಅದನ್ನು ಕತ್ತರಿಸಬೇಕಾಗಲಿಲ್ಲ ಎಂದು ಅವರು ಮರುದಿನ ಹೇಳಿದರು.

ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ಮುಳಬಾಗಿಲು, ಕೋಲಾರಗಳ ಟೊಮೆಟೊ ಮಂಡಿಗಳಲ್ಲಿ ಭಾರ ಹೊರುವವರು ಕಾದು ನೋಡುವುದಾದರೆ ವೈದ್ಯರ ಕಣ್ಣಳತೆಯಲ್ಲೇ ಕಾಯಬೇಕು. ಕೆಮ್ಮು, ಮಲಬದ್ಧತೆಗಳಿಗೆ ಮದ್ದು ಮಾಡಿಸಿಕೊಳ್ಳಬೇಕು. ಉಬ್ಬು ಗಟ್ಟಿಯಾಗಿ ಒಳಸರಿಯದೆ ವಾಂತಿ ಬಂದರೆ ಏನನ್ನೂ ಕುಡಿಯದೆ ಆಸ್ಪತ್ರೆಗೆ ಹೊರಡಬೇಕು. ಶಸ್ತ್ರಚಿಕಿತ್ಸೆಯಲ್ಲಿ ಸಡಿಲ ಜಾಗಕ್ಕೆ ಸಾಮಾನ್ಯವಾಗಿ ಮೆಶ್ ಎಂಬ ಬಲೆಯನ್ನು ಹೊಲಿಯುತ್ತಾರೆ. ಕೆಲವರಿಗೆ ಆ ಜಾಗದ ನೋವು ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಆರು ವಾರ ಭಾರ ಎತ್ತಬಾರದೆಂಬ ಅಪ್ಪಣೆಗೆ ಲೇಖಕ ಮನೆಯಲ್ಲೇ ಕುಳಿತಿದ್ದಾಗ ನೀಲಂ ಕೊಯ್ಲು ಮಾಡಿಸಿ ಮಂಡಿಗೆ ಹಾಕಿದವನು ಅದೇ ಭಾವಮೈದುನ. ಲೆಕ್ಕದ ಚೀಟಿ ಇನ್ನೂ ಕೈಗೆ ಬಂದಿಲ್ಲ.