‘ಜಂಪ್ ಅರೌಂಡ್’ ಹಾಡು ಮತ್ತು ಸದ್ದು ತಾಳದ ಕಿವಿ

‘ಜಂಪ್ ಅರೌಂಡ್’ ಹುಟ್ಟುಹಬ್ಬದ ಪಾರ್ಟಿಯಲ್ಲೋ ಡ್ಯಾನ್ಸ್ ಕ್ಲಾಸಿನಲ್ಲೋ ಯಾವಾಗ ಬೇಕಾದರೂ ಕಿವಿಗೆ ಬೀಳಬಹುದಾದ ಹಾಡು. ಅಮೆರಿಕದ ಹೌಸ್ ಆಫ್ ಪೇನ್ ತಂಡ ಇದನ್ನು ಹೊರತಂದದ್ದು 1992ರಲ್ಲಿ. ಮರುವರ್ಷ ಬಂದ ‘ಮಿಸೆಸ್ ಡೌಟ್‌ಫೈರ್’ ಸಿನಿಮಾದಲ್ಲಿ ಹುಟ್ಟುಹಬ್ಬದ ಗದ್ದಲಕ್ಕೂ ಇದೇ ಹಾಡು. ಮಿಕ್ಕ ಮಕ್ಕಳೆಲ್ಲ ಕುಣಿಯುವಾಗ ನಿಮ್ಮ ಮಗು ಮಾತ್ರ ಕಿವಿ ಮುಚ್ಚಿಕೊಂಡು ಮೂಲೆ ಸೇರಿದರೆ ದಯವಿಟ್ಟು ಅದನ್ನು ಹಟ ಎಂದುಕೊಳ್ಳಬೇಡಿ. ಸದ್ದು ತಾಳದ ಕಿವಿಗೆ ಕಷ್ಟ ಕೊಡುವ ಸಂಗತಿಗಳು ಈ ಹಾಡಿನಲ್ಲಿ ನಿಜವಾಗಿಯೂ ಇವೆ. ಅವು ಹಾಡಿನ ಯಾವ ಜಾಗದಲ್ಲಿವೆ ಎಂದು ಗೊತ್ತಿದ್ದರೆ ಅಪ್ಪ ಅಮ್ಮ ಮಾಡಬಹುದಾದದ್ದು ಸಾಕಷ್ಟಿದೆ.

ಮೊದಲನೆಯದು ಹಾಡು ಶುರುವಾಗುವ ಬಗೆ. ಸಣ್ಣಗೆ ಆರಂಭವಾಗಿ ಮೆಲ್ಲಗೆ ಏರುವ ಹಾಡು ಇದಲ್ಲ. ಬಾಬ್ ಮತ್ತು ಅರ್ಲ್ ಜೋಡಿಯ 1963ರ ‘ಹಾರ್ಲೆಮ್ ಶಫಲ್’ ಹಾಡಿನಿಂದ ಎತ್ತಿಕೊಂಡ ತುತ್ತೂರಿಗಳ ಮೊಳಗು ಮೊದಲ ಕ್ಷಣದಲ್ಲೇ ಪೂರ್ತಿ ಜೋರಿನಲ್ಲಿ ಬರುತ್ತದೆ. ಬೆಚ್ಚಿಬೀಳುವ ಮಗುವಿಗೆ ಇಲ್ಲಿಯೇ ಎದೆ ಹೊಡೆದುಕೊಳ್ಳಲು ಶುರುವಾಗಿರುತ್ತದೆ. ಮುಂದೆ ಬರುವುದನ್ನೆಲ್ಲ ಅದು ಗಾಬರಿಯಲ್ಲೇ ಕೇಳುತ್ತದೆ.

ಆಮೇಲೆ ಬರುವುದು ಈ ಹಾಡಿನ ಗುರುತೇ ಆಗಿಬಿಟ್ಟಿರುವ ಕೀರಲು ಸದ್ದು. ಅದು ಸ್ಯಾಕ್ಸೊಫೋನೋ ಮನುಷ್ಯನ ಕಿರುಚೋ ಎಂದು ಸಂಗೀತಪ್ರಿಯರು ಇಂದಿಗೂ ವಾದ ಮಾಡುತ್ತಾರೆ. ಹಾಡನ್ನು ಕಟ್ಟಿದ ಡಿಜೆ ಮಗ್ಸ್ ಅದನ್ನು ನಾಲ್ಕು ಬೀಟಿನ ಹೆಚ್ಚುಕಡಿಮೆ ಪ್ರತಿ ಸುತ್ತಿನ ಮೊದಲಿಗೂ ಇಟ್ಟಿದ್ದಾರೆ. ಹಾಡಿನ ವೇಗ ನಿಮಿಷಕ್ಕೆ ಸುಮಾರು 107 ಬೀಟ್. ಲೆಕ್ಕ ಹಾಕಿದರೆ ಆ ಕೀರಲು ಎರಡು ಸೆಕೆಂಡಿಗಿಂತ ತುಸು ಹೆಚ್ಚಿನ ಅಂತರದಲ್ಲಿ ಮತ್ತೆ ಮತ್ತೆ ಬರುತ್ತದೆ. ಮೂರೂವರೆ ನಿಮಿಷ ಚಿಲ್ಲರೆಯ ಹಾಡಿನಲ್ಲಿ ಅರವತ್ತಕ್ಕೂ ಹೆಚ್ಚು ಸಲ! ಮನುಷ್ಯರ ಕಿವಿ ಅತಿ ಚುರುಕಾಗಿರುವುದು 2000ರಿಂದ 5000 ಹರ್ಟ್ಸ್‌ವರೆಗಿನ ಸದ್ದುಗಳಿಗೆ. ಕಿವಿಯ ನಾಳದ ಆಕಾರವೇ 3000 ಹರ್ಟ್ಸ್ ಆಸುಪಾಸಿನ ಸದ್ದನ್ನು ಹಿಗ್ಗಿಸಿ ಒಳಕ್ಕೆ ಕಳಿಸುತ್ತದೆ. ಹೀಗಾಗಿ ಕುಕ್ಕರ್ ವಿಷಲ್‌ನಂತಹ ಚೂಪು ಸದ್ದು, ಅಷ್ಟೇ ಜೋರಿನ ಡ್ರಮ್‌ಗಿಂತ ಹೆಚ್ಚು ಚುಚ್ಚುತ್ತದೆ. ಜೋರು ಸದ್ದು ಬಂದಾಗ ನಡುಗಿವಿಯ ಪುಟ್ಟ ಸ್ನಾಯುವೊಂದು ಬಿಗಿದುಕೊಂಡು ಕಿವಿಯನ್ನು ಕಾಯುತ್ತದೆ ನಿಜ. ಆದರೆ ಅದು ತಡೆಯುವುದು ಮುಖ್ಯವಾಗಿ ತಗ್ಗು ಸದ್ದನ್ನು. ಏರು ಸದ್ದಿನ ಎದುರು ಅದರಿಂದ ಹೆಚ್ಚು ಉಪಯೋಗವಿಲ್ಲ.

ನನ್ನ ಬಳಿ ಬಂದಿದ್ದ ಒಬ್ಬ ಹುಡುಗನನ್ನು ನೆನೆಯುತ್ತೇನೆ. ಅವನ ತಂದೆ, “ಸೌಂಡ್ ಕಮ್ಮಿ ಮಾಡಿದ್ರೂ ಅಷ್ಟೇ ಮೇಡಂ, ಕಿವಿಯಿಂದ ಕೈ ತೆಗೆಯೋದೇ ಇಲ್ಲ” ಎಂದಿದ್ದರು. ಹಾಡನ್ನು ಸಣ್ಣಗೆ ಹಾಕಿ ಅವನನ್ನೇ ನೋಡುತ್ತಾ ಕೂತೆ. ಕೈ ಯಾವಾಗಲೂ ಕಿವಿಯ ಮೇಲಿರಲಿಲ್ಲ. ಪ್ರತಿ ಕೀರಲಿಗೆ ತುಸು ಮೊದಲು ಬೆರಳು ಕಿವಿಗೆ ಹೋಗುತ್ತಿತ್ತು, ಆಮೇಲೆ ಇಳಿಯುತ್ತಿತ್ತು. “ಅಮ್ಮಾ, ಅದು ಮತ್ತೆ ಬರುತ್ತೆ” ಎಂದು ಪಿಸುಗುಡುತ್ತಿದ್ದ. ಡ್ರಮ್ಮೂ ಬೇಸೂ ಅವನಿಗೆ ಇಷ್ಟವೇ ಆಗಿದ್ದವು. ಕಾಲಿನಲ್ಲಿ ತಾಳ ಹಾಕುತ್ತಿದ್ದ! ಅವನನ್ನು ಕಾಡುತ್ತಿದ್ದದ್ದು ಆ ಒಂದೇ ಸದ್ದು, ಅದಕ್ಕಿಂತ ಹೆಚ್ಚಾಗಿ ಅದು ಬರಲಿದೆ ಎಂಬ ಕಾಯುವಿಕೆ.

ಆದ್ದರಿಂದ ವಾಲ್ಯೂಮ್ ಇಳಿಸಿದರೆ ಸಾಲದು. ವಾಲ್ಯೂಮ್ ಎಲ್ಲ ಸದ್ದುಗಳನ್ನೂ ಒಟ್ಟಿಗೆ ತಗ್ಗಿಸುತ್ತದೆ. ಫೋನಿನ ಈಕ್ವಲೈಸರ್‌ನಲ್ಲಿ ಟ್ರೆಬಲ್ ಕಡಿಮೆ ಮಾಡಿ ನೋಡಿ. ಕೀರಲು ಮೊಂಡಾಗುತ್ತದೆ, ಬೇಸು ಹಾಗೇ ಉಳಿಯುತ್ತದೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಈ ಹಾಡನ್ನು ಹಾಕಲೇಬೇಡಿ. ಅದಕ್ಕೆ ಬೇಸನ್ನು ನುಡಿಸುವ ತ್ರಾಣವಿಲ್ಲ, ಹಾಗಾಗಿ ಚೂಪು ಸದ್ದೇ ಮುಂದೆ ಬರುತ್ತದೆ. ಟೈಲ್ಸ್ ನೆಲದ, ಬರಿಗೋಡೆಯ ಕಲ್ಯಾಣಮಂಟಪಗಳಲ್ಲಿಯೂ ತೊಂದರೆ ಹೆಚ್ಚು. ಏರು ಸದ್ದು ಅಲ್ಲಿ ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ದಪ್ಪ ಪರದೆಯೋ ಜಮಖಾನವೋ ಇರುವ ಕೋಣೆ ಎಷ್ಟೋ ವಾಸಿ.

ಕೆಲವು ಮಕ್ಕಳಿಗೆ ಕಷ್ಟ ಕಿವಿಯದಲ್ಲ, ಮೈಯದು. ಬೇಸಿನ ಅದುರು ನೆಲದಿಂದ ಎದೆಗೆ ಏರುವುದೇ ಅವರಿಗೆ ತಡೆಯಲಾಗದು. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ಯಾಂಪ್ ರ್‍ಯಾಂಡಲ್ ಕ್ರೀಡಾಂಗಣದಲ್ಲಿ 1998ರಿಂದ, ಫುಟ್‌ಬಾಲ್ ಪಂದ್ಯದ ಮೂರನೇ ಮತ್ತು ನಾಲ್ಕನೇ ಕ್ವಾರ್ಟರ್‌ಗಳ ನಡುವೆ ಈ ಹಾಡು ಹಾಕುತ್ತಾರೆ. ಸಾವಿರಾರು ಜನ ಒಟ್ಟಿಗೆ ಜಿಗಿಯುತ್ತಾರೆ, ಗ್ಯಾಲರಿಯೇ ಅಲುಗುತ್ತದೆ. 2003ರಲ್ಲಿ ಕಟ್ಟಡಕ್ಕೆ ಧಕ್ಕೆಯಾದೀತೆಂಬ ಅಂಜಿಕೆಯಿಂದ ಹಾಡು ನಿಲ್ಲಿಸಿದ್ದರು. ಎಂಜಿನಿಯರುಗಳು ಭಯವಿಲ್ಲ ಎಂದ ಮೇಲೆ ಮತ್ತೆ ಶುರುವಾಯಿತು. ಆ ಊರಿನ ಕನ್ನಡ ಕುಟುಂಬಗಳು ಮಗುವನ್ನು ಪಂದ್ಯಕ್ಕೆ ಕರೆದೊಯ್ದರೆ, ಮೂರನೇ ಕ್ವಾರ್ಟರ್ ಮುಗಿಯುವ ಮೊದಲೇ ಹೊರಗಿನ ಮೊಗಸಾಲೆಗೆ ಬಂದುಬಿಡುವುದು ಒಳ್ಳೆಯದು. ಯಾವಾಗ ಬರುತ್ತದೆಂದು ಮೊದಲೇ ಗೊತ್ತಿರುವ ಸದ್ದಿನಿಂದ ದೂರ ಸರಿಯುವುದು ಸುಲಭ.

ಇಯರ್‌ಮಫ್ ಹಾಕಬಹುದೇ ಎಂದು ಎಲ್ಲ ತಾಯಂದಿರೂ ಕೇಳುತ್ತಾರೆ. ಸಮಾರಂಭದ ಹೊತ್ತಿಗೆ ಧಾರಾಳವಾಗಿ ಹಾಕಿ, ಮನೆಗೆ ಬಂದ ಕೂಡಲೇ ತೆಗೆಯಿರಿ. ದಿನವಿಡೀ ಮುಚ್ಚಿಟ್ಟರೆ ಮಾಮೂಲಿ ಸದ್ದೂ ಜೋರೆನಿಸತೊಡಗಿ ಕಿವಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಹೆಡ್‌ಫೋನ್‌ನಲ್ಲಿ ಕೇಳುವ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿ 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ ಮಾತ್ರ. ಹಾಡಿನಲ್ಲಿ ಬೈಗುಳವೂ ಹೊಡೆದಾಟದ ಮಾತೂ ಇವೆ. ಅವನ್ನು ತೆಗೆದ ಆವೃತ್ತಿ ಸಿಗುತ್ತದೆ, ಅದನ್ನೇ ಹಾಕಿ.

ಹಾಡನ್ನು ರೂಢಿ ಮಾಡಿಸಬೇಕೆಂದರೆ ಮಗುವಿನ ಕೈಗೇ ವಾಲ್ಯೂಮ್ ಕೊಡಿ. ನಿಲ್ಲಿಸುವ ಬಟನ್ನೂ ಅದರ ಕೈಯಲ್ಲೇ ಇರಲಿ. ಅರ್ಧ ನಿಮಿಷ ಕೇಳಿ ನಿಲ್ಲಿಸಿದರೆ ಅವತ್ತಿಗೆ ಅಷ್ಟು ಸಾಕು. “ಇನ್ನೊಂಚೂರು ಕೇಳು ಪುಟ್ಟಾ” ಎಂಬ ಒತ್ತಾಯ ಬೇಡ. ತಾನೇ ನಿಲ್ಲಿಸಬಲ್ಲೆ ಎಂಬ ಧೈರ್ಯ ಬಂದರೆ ಸದ್ದಿನ ಭಯ ಅಷ್ಟರಮಟ್ಟಿಗೆ ಇಳಿಯುತ್ತದೆ.

ಈ ಹಾಡಷ್ಟೇ ಅಲ್ಲ, ಮಿಕ್ಸಿ, ಹ್ಯಾಂಡ್ ಡ್ರೈಯರ್, ಶಾಲೆಯ ಗಂಟೆಗೂ ಮಗು ಹೀಗೇ ನಲುಗುತ್ತಿದ್ದರೆ, ಕಿವಿ ನೋವು ಎನ್ನುತ್ತಿದ್ದರೆ, ಆಡಿಯಾಲಜಿಸ್ಟ್‌ಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳ ಶ್ರವಣ ಪರೀಕ್ಷೆಯ ವ್ಯವಸ್ಥೆ ಇದೆ. ಹೋಗುವ ಮೊದಲು ಒಂದು ವಾರ, ಯಾವ ಸದ್ದಿಗೆ ಮಗು ಏನು ಮಾಡಿತು, ಸಮಾಧಾನವಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟು ಆ ಚೀಟಿಯನ್ನು ಜೊತೆಗೆ ಒಯ್ಯಿರಿ.